ಕೈಕಾಲು ತೊಳೆದ ನೀರು

ಸೋನ್ಯಾಳ, ತಾ. ಜತ್ತ
೧೨ ನವೆಂಬರ್ ೨೦೨೫, ಬುಧವಾರ

ಮಗ ಗುರುಸಿದ್ದನಿಗೆ,

ಈ ಪತ್ರ ಬರೆಯುತ್ತಿರುವವಳು ಇಂದ್ರಾಬಾಯಿ. ನಿನ್ನ ತಾಯಿ, ಈ ಮನೆಯ ಹಿರಿಯಳು. ಮೆಟ್ರಿಕ್ ಪಾಸಾದವಳು, ಎರಡು ಸಲ ಗ್ರಾಮಪಂಚಾಯತಿಗೆ ಆರಿಸಿ ಬಂದವಳು, ನಿಮ್ಮಪ್ಪ ಹೋದ ಮೇಲೆ ಹೊಲವನ್ನೂ ಮನೆಯನ್ನೂ ನಿನ್ನನ್ನೂ ಒಬ್ಬಳೇ ನಡೆಸಿದವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಮೊದಲೇ ಬರೆದಿದ್ದೇನೆ, ನೀನು ಮರೆತಂತೆ ಕಾಣುತ್ತದೆ. ನೆನಪಿದ್ದಿದ್ದರೆ ನನಗೆ ಇಂಥ ಸುಳ್ಳು ಹೇಳಿ ಕಳಿಸುವ ಧೈರ್ಯ ನಿನಗೆ ಬರುತ್ತಿರಲಿಲ್ಲ.

ನಿನ್ನ ತಬ್ಬೇತು ಹೇಗಿದೆ? ಭಟ್ಟಿಯ ಹೊಗೆಗೆ ಎದೆ ಹಿಡಿಯುತ್ತದೆಯೇ? ಮೊದಲಿಂದಲೂ ನಿನ್ನದು ಸೂಕ್ಷ್ಮ ಪ್ರಕೃತಿ, ಬೆಲ್ಲ ಹಾಕಿದ ಶುಂಠಿ ಕಷಾಯ ಮಾಡಿಕೊಂಡು ಕುಡಿ. ಫೋನಿನಲ್ಲಿ ಬಹಳ ಕೆಮ್ಮುತ್ತೀ. ಆದರೆ ನಾನು ಕಾಜಲ್‌ಳ ಹೆಸರು ಎತ್ತಿದಾಗ ಮಾತ್ರ ಆ ಕೆಮ್ಮು ಬರುತ್ತದೆ. ಆಮೇಲೆ "ಅವ್ವಾ, ರೇಂಜ್ ಇಲ್ಲ" ಅನ್ನುತ್ತೀ, ಫೋನು ಬಂದ್ ಆಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಮುಂದೆ ಎಷ್ಟು ಕೆಮ್ಮಿದರೂ ಇದು ಬಂದ್ ಆಗುವುದಿಲ್ಲ.

ಇಲ್ಲಿ ಜೋಳ ಚಲೋ ಬಂದಿದೆ, ಕಸ ತೆಗೆಸಿದ್ದೇನೆ. ಇನ್ನು ಮುಖ್ಯ ಮಾತು. ದೀಪಾವಳಿಗೆ ಮಗ ಬರುತ್ತಾನೆಂದು ಕಾದರೆ, ನಿನ್ನ ಬದಲು ಬಾಳಾಸಾಹೇಬ ಬಂದ. ಬಾಂಗ್ಲಾ ಗಡಿಯ ಹತ್ತಿರದ ಆ ಸಿಲ್ಚರ್‌ನಲ್ಲಿ, ಬಂಗಾರ ಕರಗಿಸುವ ನಿನ್ನ ಗಲಾಯಿ ಅಂಗಡಿಯ ಪಕ್ಕದಲ್ಲೇ ಅವನದೂ ಅಂಗಡಿ. ನಿನ್ನ ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ ಅವನು ಪಾಲುದಾರ. ಅವನ ಹಿಂದೆ ಕಾಜಲ್ ಎಂಬ ಈ ಹೆಂಗಸು, ಕಂಕುಳಲ್ಲಿ ಮೋನಾಲಿ ಎಂಬ ಕೂಸು. "ಕಾಕು, ಈಕಿ ಗುರುಸಿದ್ದನ ಅಂಗಡ್ಯಾಗ ಕೆಲಸ ಮಾಡತಿದ್ದಾವನ ಹೇಣ್ತಿರಿ. ಗಂಡ ತೀರಿಕೊಂಡ. ನಿಮ್ಮ ಕಡಿ ಸ್ವಲ್ಪ ದಿನ ಇರಲಿ ಅಂದಾನ್ರಿ" ಎಂದ. ಅಷ್ಟು ಹೇಳುವವರೆಗೂ ಅವನು ನನ್ನ ಮುಖ ನೋಡಲಿಲ್ಲ, ನಮ್ಮ ಕಟ್ಟೆಯ ಕಲ್ಲು ನೋಡುತ್ತಿದ್ದ. ಗಂಡ ತೀರಿಹೋದವಳ ಬೈತಲೆಯಲ್ಲಿ ಕುಂಕುಮ ಒರೆಸಿದ ಕೆಂಪು ಇನ್ನೂ ಹಾಗೇ ಇತ್ತು. ಮುಂಗೈಯಲ್ಲಿ ಬಳೆ ತೆಗೆದ ಜಾಗ ಬೆಳ್ಳಗೆ ಕಾಣುತ್ತಿತ್ತು. ಆದರೂ ಹಿತ್ತಲ ಕೋಣೆ ಕೊಟ್ಟೆ, ನನ್ನ ಟ್ರಂಕಿಗೆ ಬೀಗ ಹಾಕಿದೆ.

ನೋಡುತ್ತಾ ಹೋದೆ. ಹಗಲೆಲ್ಲ ಬಗ್ಗಿಸಿದ ತಲೆ ಎತ್ತದೆ ದುಡಿಯುತ್ತಾಳೆ. ಯಾರಾದರೂ ಬಾಗಿಲಿಗೆ ಬಂದರೆ ಕೂಸನ್ನು ಎತ್ತಿಕೊಂಡು ಒಳಗೆ ಓಡುತ್ತಾಳೆ. ಮುಚ್ಚಿಡುವಂಥದ್ದು ಏನೂ ಇಲ್ಲದವರು ಯಾಕೆ ಓಡುತ್ತಾರೆ? ಇನ್ನೊಂದು ವಿಚಿತ್ರವೂ ಇತ್ತು. ಮನೆಯಿಂದ ಹೊರಗೆ ಕಾಲಿಡುವ ಮೊದಲು ಬೋಗುಣಿಯಲ್ಲಿ ಕೈಕಾಲು ತೊಳೆಯುತ್ತಾಳೆ, ಕೂಸಿನದೂ ತೊಳೆಯುತ್ತಾಳೆ. ಒಳಗೆ ಬರುವಾಗ ತೊಳೆಯುವುದು ನಮಗೆ ಗೊತ್ತು. ಹೋಗುವಾಗ ತೊಳೆಯುವವರನ್ನು ಈ ಊರಲ್ಲಿ ಯಾರು ಕಂಡಿದ್ದಾರೆ? ಆ ನೀರನ್ನು ಚೆಲ್ಲದೆ ಹಂಡೆಗೆ ಸುರಿದಿಡುತ್ತಾಳೆ. ಪಕ್ಕದ ಮನೆಯ ಬಾಳಾಬಾಯಿ ಗೋಡೆಯ ಮೇಲಿಂದ ನೋಡಿ, "ಇಂದ್ರಾಬಾಯಿ, ಕಾಲ ತೊಳದ ನೀರ ಹಂಡೇದಾಗ ತುಂಬಿ ಇಡಾಕತ್ತೀರಲ್ಲ, ತೀರ್ಥ ಏನ? ನಮಗೂ ಒಂದೀಟ ಕಳಸ್ರಿ" ಎಂದು ಹಂಗಿಸಿದಳು. ಆಮೇಲೆ ದನಿ ಇಳಿಸಿ, "ಮಾಟದಾಕಿ ಇದ್ದಾಳು, ನೋಡ್ಕೋರಿ" ಎಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಆದರೆ ಆ ದಿನದಿಂದ ಕಾಜಲ್ ಕೊಟ್ಟ ಚಹಾ ಕುಡಿಯಲಿಲ್ಲ.

ಅಷ್ಟರಲ್ಲಿ ಪೊಲೀಸ ಪಾಟೀಲ ಮಹಾಂತ ಬಂದ. "ಕಾಕು, ಪರಮುಲಕದವರು ಯಾರ ಮನ್ಯಾಗ ಅದಾರಂತ ತಾಲೂಕಿಗಿ ಬರದ ಕಳಸಬೇಕ್ರಿ. ನಿಮ್ಮ ಮನ್ಯಾಗಿನಾಕಿ ಯಾರ್ರಿ? ಮಂದಿ ಬಾಂಗ್ಲಾದಾಕಿ ಅಂತಾರು" ಎಂದು ಕೇಳಿದ. ತಿಳಿದುಕೊಂಡು ಹೇಳುತ್ತೇನೆ, ತಡಿ ಎಂದೆ. "ನೀವು ತಡಿ ಅಂದದ್ದು ಇದ ಮೊದಲ್ರಿ ಕಾಕು" ಎಂದು ನಕ್ಕು ಹೋದ. ನನಗೆ ನಗು ಬರಲಿಲ್ಲ. ನಾನು ಗೊತ್ತಿಲ್ಲ ಎಂದರೆ ಅವಳನ್ನು ಠಾಣೆಗೆ ಕರೆಯುತ್ತಾರೆ. ಅಲ್ಲಿಂದ ಮುಂದೆ ಎಲ್ಲಿಗೆ ಒಯ್ಯುತ್ತಾರೋ, ಕೂಸು ಯಾರ ಕಡೆ ಉಳಿಯುತ್ತದೋ. ಆದರೂ ಗೊತ್ತಿಲ್ಲ ಎಂದೇ ಹೇಳುವವಳಿದ್ದೆ. ನಿನ್ನ ಸುಳ್ಳಿಗೆ ನನ್ನ ಸಹಿ ಯಾಕೆ ಹಾಕಲಿ?

ಮರುದಿನ ಮುಂಜಾನೆ ಅವಳು ಅಂಗಳದಲ್ಲಿ ಮೋನಾಲಿಯ ತಲೆ ಬಾಚುತ್ತಿದ್ದಳು. ಕೂಸಿನ ಹೆಗಲ ಮೇಲೆ ಬಿಳಿ ಬಟ್ಟೆ ಹಾಸಿದ್ದಳು. ಬಾಚಿದ ಮೇಲೆ ಬಟ್ಟೆಯ ನಾಲ್ಕೂ ಮೂಲೆ ಕೂಡಿಸಿ, ಕೂದಲು ಧೂಳು ಎರಡನ್ನೂ ಒಂದು ಡಬ್ಬಿಗೆ ಝಾಡಿಸಿದಳು. ಗುರುಸಿದ್ದಾ, ನಾನು ಕುಳಿತಲ್ಲೇ ಕುಳಿತೆ. ನಿಮ್ಮಪ್ಪ ತ್ರಿಶೂರಿನಲ್ಲಿ ಗಲಾಯಿ ಅಂಗಡಿ ಇಟ್ಟಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಸಾರ ಮಾಡಿದವಳು. ಅಕ್ಕಸಾಲಿಗರ ಕಸ ತಂದು ಸುಟ್ಟು ಬಂಗಾರ ತೆಗೆಯುವ ಮನೆಯಲ್ಲಿ ಬಂಗಾರದ ಧೂಳು ಅನ್ನದ ಮೇಲೂ ಕೂಡುತ್ತದೆ. ಹೊರಗೆ ಹೋಗುವಾಗ ಕೈಕಾಲು ತೊಳೆದ ನೀರನ್ನು ಅಲ್ಲಿ ಯಾರೂ ಚೆಲ್ಲುವುದಿಲ್ಲ. ತಳದ ರಾಡಿ ಮತ್ತೆ ಭಟ್ಟಿಗೆ ಹೋಗುತ್ತದೆ. ಸೋನ್ಯಾಳದಲ್ಲಿ ಬಂಗಾರದ ಧೂಳು ಎಲ್ಲಿಂದ ಬರಬೇಕು? ಅವಳಿಗೆ ಕೈಗೆ ಹತ್ತಿದ ರೂಢಿ. ಕೆಲಸದವರೂ ಕೈಕಾಲು ತೊಳೆಯುತ್ತಾರೆ, ಒಪ್ಪಿದೆ. ಆದರೆ ಕೂಸಿನ ತಲೆಯ ಧೂಳನ್ನು ಡಬ್ಬಿಗೆ ಹಾಕುವವಳು ಆ ಹಿಂದಿನ ಕೋಣೆಯ ಹೆಂಗಸು, ಅಂಗಡಿಯವನ ಹೆಂಡತಿ ಮಾತ್ರ. ನಿನ್ನ ತಲೆಯನ್ನು ನಾನು ಹಾಗೇ ಬಾಚಿದ್ದೇನೆ.

"ಗುರುಸಿದ್ದ ನಿನಗ ಏನಾಗಬೇಕ?" ಎಂದು ಕೇಳಿದೆ. ಸೆರಗು ಮುಂದೆ ಎಳೆದುಕೊಂಡಳು. ಬಾಯಿಂದ ನಿನ್ನ ಹೆಸರು ಬರಲಿಲ್ಲ. ಮೋನಾಲಿಯನ್ನು ತೋರಿಸಿ "ಇಸ್ಕಾ ಬಾಬಾ", ಇದರಪ್ಪ, ಎಂದಳು. ನಂತರ ತನ್ನ ಹಿಂದಿಯಲ್ಲಿ ಉಳಿದದ್ದನ್ನೂ ಹೇಳಿದಳು. ಅಲ್ಲಿಯ ಪೌರತ್ವದ ಯಾದಿಯಲ್ಲಿ ಅಣ್ಣನ ಹೆಸರಿದೆ, ಇವಳದು ಬಿದ್ದುಹೋಗಿದೆಯಂತೆ. ನೀನು ಪರದೇಶದವಳಲ್ಲ ಎಂದು ತೋರಿಸು ಎಂದು ಕೋರ್ಟಿನಿಂದ ನೋಟೀಸು ಬಂತಂತೆ, ಈ ತಿಂಗಳ ಕೊನೆಗೆ ತಾರೀಖಂತೆ. ಸಾಕ್ಷಿ ಹೇಳಿದರೆ ತನ್ನ ಹೆಸರಿಗೂ ಕುತ್ತು ಬರುತ್ತದೆಂದು ಅಣ್ಣ ಹೆದರಿದನಂತೆ. ನೀನು ಅಣ್ಣನಿಗಿಂತ ಹೆಚ್ಚು ಹೆದರಿ ಅವಳನ್ನು ಇಲ್ಲಿ ತಂದು ಬಚ್ಚಿಟ್ಟೆ.

ಅವಳು ಹೇಳಿದ್ದೆಲ್ಲ ನಿಜವೆಂದು ನಾನು ನಂಬಿಲ್ಲ. ಅವಳ ಅಜ್ಜ ಯಾವಾಗ ಗಡಿ ದಾಟಿದನೋ, ದಾಟಿದನೋ ಇಲ್ಲವೋ, ನಾನು ಕಂಡವಳಲ್ಲ. ಅದನ್ನು ಕೋರ್ಟು ನೋಡಲಿ. ಗಂಡನ ಮನೆತನ ಹೇಳಿದರೆ ಅಲ್ಲಿ ನಡೆಯುವುದಿಲ್ಲ, ಅಪ್ಪನ ಕಾಗದವೇ ಬೇಕೆಂದೂ ಹೇಳಿದಳು. ಆದರೆ ಜತ್ತದಲ್ಲಿ ವಕೀಲರನ್ನು ವಿಚಾರಿಸಿದೆ. ತಾರೀಖಿಗೆ ಹಾಜರಾಗದಿದ್ದರೆ ಕಾಗದ ನೋಡುವ ಮಾತೇ ಇಲ್ಲ, ಪರದೇಶಿ ಎಂದು ಅವತ್ತೇ ಬರೆದುಬಿಡಬಹುದಂತೆ. ಬಚ್ಚಿಟ್ಟು ಅವಳನ್ನು ಉಳಿಸಿದೆ ಎಂದುಕೊಂಡೆಯಾ? ನಿಜವಾಗಿ ಯಾರಿಂದ ಬಚ್ಚಿಟ್ಟೆ? ಸರಕಾರದಿಂದಲೋ ನನ್ನಿಂದಲೋ? ಜಾತಿಯವರಲ್ಲದ ಸೊಸೆಯನ್ನು ಅವ್ವ ಹೊಸ್ತಿಲು ತುಳಿಸಲಿಕ್ಕಿಲ್ಲ ಎಂದು ವಿಧವೆಯ ವೇಷ ಹಾಕಿಸಿದೆ. ಜೀವಂತ ಗಂಡನೊಬ್ಬ ಹೆಂಡತಿಯ ಕುಂಕುಮ ಒರೆಸಿ ಕಳಿಸುವುದೆಂದರೇನು? ಇದಕ್ಕೆ ಮಾತ್ರ ನೀನು ಎದುರು ನಿಂತು ಉತ್ತರ ಹೇಳಬೇಕು.

ನಾಳೆ ಬಾಳಾಸಾಹೇಬ ತಿರುಗಿ ಹೊರಡುತ್ತಾನೆ, ಈ ಪತ್ರ ಅವನ ಕೈಯಲ್ಲಿ ಕೊಡುತ್ತೇನೆ. ಬೆನ್ನಿಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಧೈರ್ಯ ಕೊಡಲಿ.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಇದನ್ನು ಮಿರಜ ಸ್ಟೇಶನ್ನಿನಲ್ಲಿ ಮೊಳಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆಗಿವೆ. ಇಂದು ಮುಂಜಾನೆ ಮಹಾಂತನನ್ನು ಮನೆಗೆ ಕರೆಸಿ, ನಮ್ಮ ಗುರುಸಿದ್ದನ ಹೆಂಡತಿ, ನನ್ನ ಸೊಸೆ, ಕೋರ್ಟಿನ ತಾರೀಖಿಗೆ ಸಿಲ್ಚರ್‌ಗೆ ಹೊರಟಿದ್ದಾಳೆ ಎಂದು ಬರೆಸಿ ಸಹಿ ಮಾಡಿದೆ. ಬಾಳಾಬಾಯಿಯನ್ನು ಕರೆದು ಅವಳ ಕೈಯಿಂದಲೇ ಕಾಜಲ್‌ಗೆ ಕುಂಕುಮ ಹಚ್ಚಿಸಿದೆ. ಬಾಳಾಸಾಹೇಬ ಟಿಕೀಟು ತಂದಿದ್ದಾನೆ. ಅವನು ನಿನಗೆ ಸುದ್ದಿ ಕೊಡಬಾರದೆಂದು ಅವನ ಫೋನು ನನ್ನ ಚೀಲದಲ್ಲಿದೆ. ಈ ಪತ್ರ ನಿನ್ನ ಕೈಗೆ ಬರುವಾಗ ನಾನು ಅವಳ ಅಣ್ಣನ ಮನೆಯಲ್ಲಿ ಕುಳಿತಿರುತ್ತೇನೆ, ಸಾಕ್ಷಿಗೆ ಬರುತ್ತೇನೆಂದು ಅವನು ಒಪ್ಪುವವರೆಗೆ ಏಳುವುದಿಲ್ಲ. ಅಲ್ಲಿಗೇ ಬಾ. ಗಾಡಿ ಬಂತು. ಮೋನಾಲಿ ನನ್ನ ತೊಡೆಯ ಮೇಲಿದ್ದಾಳೆ. ನಾವು ಮೂವರು ಹೆಂಗಸರೂ ಹತ್ತಿ ಕುಳಿತಿದ್ದೇವೆ.