ಸಂಚಿಯಲ್ಲಿದ್ದ ಅಡಕತ್ತರಿ

ಜುಲೈ ೧೪, ಸೋಮವಾರ

ತಂಗಿ ಸುಭದ್ರಾ, ಆರಾಮಿದ್ದೀಯಾ? ಮಟಕಿ ಊರಲ್ಲಿ ನಿನ್ನ ಮಾವ ದೌಲತರಾಯರ ಮೊಣಕಾಲು ನೋವು ಇಳಿಯಿತೇ? ದಿನಚರಿ ಬರೆಯಲು ಕುಳಿತರೂ ಕೈ ನಿನಗೇ ಪತ್ರ ಬರೆಯುತ್ತದೆ.

ಲ್ಯಾಬಿಗೆ ಹೊಸದಾಗಿ ಬಂದಿರುವ ಸರಸಂಬಾ ಊರಿನ ಹುಡುಗಿ ಸೃಷ್ಟಿಯ ಮೇಲೆ ನನಗೆ ಹೊಟ್ಟೆಕಿಚ್ಚು. ವಸ್ತುವಿನ ಅಣುರಚನೆ ತೋರಿಸುವ ನಮ್ಮ ಎನ್‌ಎಮ್‌ಆರ್ ಯಂತ್ರದ ದೊಡ್ಡ ಕಾಂತವನ್ನು ಹದಕ್ಕೆ ತರುವ ಕೆಲಸ ಇಷ್ಟು ವರ್ಷ ನನ್ನದಾಗಿತ್ತು. ಹದ ಕೂಡಿದರೆ ಪರದೆಯ ಮೇಲೆ ಗೆರೆ ಸೂಜಿಯಂತೆ ನಿಲ್ಲುತ್ತದೆ, ಇಲ್ಲದಿದ್ದರೆ ಬುಡ ಅಗಲಿಸಿ ಕೂರುತ್ತದೆ. ಇಂದು ಲ್ಯಾಬಿನ ಮುಖ್ಯಸ್ಥ ಅನಂತ ಸಾಹೇಬರು ನನ್ನ ಕುರ್ಚಿಯಲ್ಲಿ ಅವಳನ್ನು ಕೂಡಿಸಿ, "ಗುರುಶಾಂತಪ್ಪ, ನೀವು ಹಿಂದ ನಿಂತು ನೋಡ್ರಿ, ಸಾಕು" ಎಂದು ಹೊರಟರು.

ಅವಳು ಎಷ್ಟು ತಿದ್ದಿದರೂ ಗೆರೆ ಅಗಲವೇ. ನನಗೆ ಒಳಗೊಳಗೇ ಹಬ್ಬ. ಇನ್ನೂ ಚೆನ್ನಾಗಿ ನೋಡೋಣವೆಂದು ಮುಂದೆ ಸರಿದೆ. ನನ್ನ ಸೊಂಟದ ಸಂಚಿ ಕಾಂತದ ಕಡೆಗೆ ವಾಲಿದ್ದು ಅವಳ ಕಣ್ಣಿಗೆ ಬಿತ್ತು.

"ಕಾಕಾ, ಸಂಚ್ಯಾಗ ಅಡಕತ್ತರಿ ಐತೇನ್ರಿ?"

ದಿನಾ ಎಲೆಯಡಿಕೆ ಸಂಚಿಯನ್ನು ಬಾಗಿಲ ಮೊಳೆಗೆ ತೂಗುಹಾಕಿ ಒಳಗೆ ಹೋಗುವವನು ನಾನು. ಕಾಂತದ ಹದ ಕೆಡುತ್ತದೆ, ಹತ್ತಿರ ಕಬ್ಬಿಣ ತರಬೇಡಿರೆಂದು ಎಲ್ಲರನ್ನೂ ಗದರುವವನೂ ನಾನೇ. ಅವಳು ಸೋಲುವುದನ್ನು ನೋಡುವ ಅವಸರದಲ್ಲಿ ಮರೆತಿದ್ದೆ. ಹೊರಗಿಟ್ಟು ಬಂದೆ. ಅವಳು ಮತ್ತೆ ತಿದ್ದಿದಳು, ಗೆರೆ ಸೂಜಿಯಾಯಿತು.

ಸಾಹೇಬರು ಬಂದು, "ಯಾಕವ್ವಾ, ಇಷ್ಟ್ಯಾಕ ತಡ ಆತು?" ಎಂದಾಗ, "ಸ್ಯಾಂಪಲ್ ನಳಿಗಿ ಓರೆ ಕುಂತಿತ್ರಿ ಸರ್" ಎಂದು ನನ್ನ ಮಾನ ಕಾಯ್ದಳು. ಕೆಲಸದಲ್ಲಿ ಗೆದ್ದದ್ದು ಸಾಲದೆ ದೊಡ್ಡತನದಲ್ಲೂ ಗೆಲ್ಲಬೇಕಿತ್ತೇ? ಅದೇ ಇನ್ನೂ ಉರಿಯುತ್ತಿದೆ.

ಇದನ್ನು ನಿನಗೆ ಕಳಿಸುವುದಿಲ್ಲ, ಸುಭದ್ರಾ. ಆದರೂ ಬೇಗ ಉತ್ತರ ಬರೆ. ನಾಳೆ ಅವಳನ್ನು ನಾನೇ ಮೊದಲು ಮಾತಾಡಿಸಲೋ, ಇಲ್ಲಾ ಅವಳೇ ಮಾತಾಡಿಸಲೆಂದು ಕಾಯಲೋ?