ಭೀಮನ ಪಾತ್ರ ಓಬಣ್ಣನಿಗೆ ಕೊಡಿ

ಚಿತ್ರದುರ್ಗ
೧೨-೩-೧೯೭೪

ಪೂಜ್ಯ ಪಾಲಯ್ಯ ಮೇಷ್ಟ್ರಿಗೆ, ನಿಮ್ಮ ಬಯಲಾಟದ ಭೀಮ ಆಸ್ಪತ್ರೆಯ ಮಂಚದಿಂದಲೇ ಮಾಡುವ ನಮಸ್ಕಾರಗಳು.

ಊರವರ ಕಾಲೆಳೆಯುವುದು ನನ್ನ ಕಸುಬು. ಮತ್ತೋಡಿನ ಆಟದಲ್ಲಿ ಕುಣಿಯುವಾಗ ನನ್ನ ಕಾಲು ಹೊರಳಿತು. ಅಂದು ನೀವೇ ನನ್ನ ಕಾಲೆಳೆದು ಎಣ್ಣೆ ತಿಕ್ಕಿದಿರಿ. ಕಟ್ಟಿದ ಗೆಜ್ಜೆಯನ್ನು ಮಂಗಳ ಹಾಡುವ ತನಕ ಬಿಚ್ಚಬಾರದೆಂಬುದು ನಮ್ಮ ಮೇಳದ ನೇಮ. ಅದರಡಿಯ ಊತ ಯಾರಿಗೂ ಕಾಣಲಿಲ್ಲ. "ಉಳುಕೈತೆ ಕಣ್ಲಾ, ಕುಣಿದ್ರೆ ಬಿಡ್ತೈತೆ" ಅಂದಿರಿ. ಕುಣಿದೆ. ಆಮೇಲೂ ಮೂರು ಊರಲ್ಲಿ ಕುಣಿದೆ.

ಎಕ್ಸ್‌ರೇ ನೋಡಿದ ಡಾಕ್ಟರು, "ಕೀಲಿನ ಮೂಳೆ ಮುರಿದು ಸೊಟ್ಟ ಕೂಡೈತಲ್ಲಪ್ಪ. ಅವತ್ತೇ ಬರಬೇಕಿತ್ತು. ಇನ್ನು ನಡೀಬಹುದು, ಕುಣಿಯಂಗಿಲ್ಲ" ಅಂದರು.

"ಹಂಗಾದ್ರೆ ಶಕುನಿ ಆಗ್ತೀನಿ ಸಾರ್, ಅವನು ಹೆಂಗೂ ಕುಂಟ" ಎಂದೆ. ಅವರು ನಗಲಿಲ್ಲ.

ಭೀಮನ ಪಾತ್ರವನ್ನು ನಮ್ಮ ಮೇಳದ ಓಬಣ್ಣನಿಗೆ ಕೊಡಿ. ಮುಂದೆ ಯಾರ ಕಾಲು ಹೊರಳಿದರೂ ಮೊದಲು ಗೆಜ್ಜೆ ಬಿಚ್ಚಿಸಿ. ಊದಿದ್ದರೆ, ಇಲ್ಲವೆ ನಾಲ್ಕು ಹೆಜ್ಜೆ ಊರಲಾಗದಿದ್ದರೆ ತಿಕ್ಕದೆ, ಎಳೆಯದೆ ದುರ್ಗದ ಬಸ್ಸು ಹತ್ತಿಸಿ.

ಹಿರಿಯೂರಿನಲ್ಲಿರುವ ನಮ್ಮವ್ವನಿಗೆ, ಬಸ್ಸು ಇಳಿಯುವಾಗ ಬಿದ್ದೆನೆಂದು ಬರೆದಿದ್ದೇನೆ. ಅವಳು ಬಂದು ಕೇಳಿದರೆ ನೀವೂ ಹಾಗೇ ಹೇಳಬೇಕು. ನೀವು ಅವಳೆದುರು ಅಳಬಾರದು.

ಇಂತಿ ನಿಮ್ಮ ಶಿಷ್ಯ,
ಕ್ಯಾತಣ್ಣ