ಕಲ್ಲಿಗೆ ಇಟ್ಟ ಕುಂಕುಮ

ಕೋರಮಂಡಲ್,
ಶನಿವಾರ, ೮ ಮಾರ್ಚ್ ೨೦೨೫

ನನ್ನ ಕಂದ ರಾಧಾಮಣಿಗೆ,

ಹೇಗಿದ್ದೀಯ? ಬೂದಿಕೋಟೆಗೆ ಹೋದ ಮೇಲಾದರೂ ನಿದ್ದೆ ಬರುತ್ತಿದೆಯಾ? ಮುತ್ಯಾಲಮ್ಮ ಅತ್ತೆಯ ಮನೆಯಲ್ಲಿ ಹಾಲಿಗೆ ಕೊರತೆಯಿಲ್ಲ, ಬೇಡ ಅನ್ನದೆ ಕುಡಿ. ನಿನ್ನ ಕೆಮ್ಮು ಕಡಿಮೆಯಾಯಿತಾ? ನಿಮ್ಮಪ್ಪ ಆ ಕೆಮ್ಮಿನಲ್ಲೇ ತೀರಿಹೋದ ಮೇಲೆ ಯಾರು ಕೆಮ್ಮಿದರೂ ಎದ್ದು ಹೋಗಿ ನೋಡುತ್ತೇನೆ. ನೀನು ಫೋನ್ ಆಫ್ ಮಾಡಿದ್ದು ಒಳ್ಳೆಯದೇ ಆಯಿತು; ಅದರಲ್ಲಿ ನಿನ್ನ ಬಗ್ಗೆ ಹರಿದಾಡುತ್ತಿರುವ ಮಾತುಗಳನ್ನು ನಾನು ಕೇಳಿಸಿಕೊಂಡಿದ್ದೇನೆ. ಅದಕ್ಕೇ ದಿನಚರಿಯಿಂದ ಹಾಳೆ ಕಿತ್ತು ಬರೆಯುತ್ತಿದ್ದೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ನೀನು ಪಾಠ ಮಾಡುವ ಶಾಲೆಯಲ್ಲಿ ವಿಜ್ಞಾನ ದಿನ ನಡೆದಂದಿನಿಂದ ಹಗಲಲ್ಲೂ ಬಾಗಿಲಿಗೆ ಅಗುಳಿ ಹಾಕಿಕೊಂಡಿರುತ್ತೇನೆ. ಅವತ್ತು ನೀನು ಮಕ್ಕಳಿಗೆ ತೋರಿಸಲು ಇಟ್ಟಿದ್ದ ಅಪ್ಪನ ಕಲ್ಲನ್ನು ಚಿರಂಜೀವಿಯ ಭಜನೆ ಸಂಘದವರು ಎತ್ತಿಕೊಂಡು ಹೋದರಲ್ಲ, ಅದನ್ನು ಶಾಲೆ ಗೇಟಿನ ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿ ದೀಪ ಹಚ್ಚಿದ್ದಾರೆ. ಚಿನ್ನದ ಗಣಿಯಲ್ಲಿ ಡ್ರಿಲ್ ಹಾಕಿದಾಗ ಕೊಳವೆಯೊಳಗೆ ಬರುವ ಕಲ್ಲು ಅದು. ಗೇಣುದ್ದ, ಮುಂಗೈ ದಪ್ಪ, ಗುಂಡಗೆ, ನುಣ್ಣಗೆ, ಕಪ್ಪಗೆ. ನೋಡಿದವರು ಲಿಂಗ ಅಂದುಕೊಂಡರೆ ಅವರನ್ನು ಬೈಯಲಾರೆ. ಸಂಜೆಯಾದರೆ ಅಲ್ಲಿ ಮೈಕ್. ಬ್ರಹ್ಮ ಒಂದೊಂದು ಜೀವವನ್ನೂ ಬೇರೆ ಬೇರೆಯಾಗಿ ಕೈಯಾರೆ ಮಾಡಿದ, ಒಂದರಿಂದ ಇನ್ನೊಂದು ಬಂತು ಅಂತ ಕಲಿಸುವ ವಿಜ್ಞಾನದ ಟೀಚರು ಯಾವುದೋ ಗುಡಿಯ ಲಿಂಗ ಕದ್ದು ತಂದು, ಇನ್ನೂರ ಎಪ್ಪತ್ತು ಕೋಟಿ ವರ್ಷದ ಹಿಂದೆ ಆರಿದ ಲಾವಾ, ಬೆಂಕಿಯ ಕೆಸರು ಅಂತ ಚೀಟಿ ಅಂಟಿಸಿದಳು ಅಂತ. ಜನ ಕೈ ಮುಗಿಯುತ್ತಾರೆ, ಆಮೇಲೆ ನಮ್ಮ ಮನೆಯ ಕಡೆ ತಿರುಗಿ ನೋಡುತ್ತಾರೆ.

ನಲ್ಲಿಯ ಹತ್ತಿರ ಪಕ್ಕದ ಮನೆಯ ಅಮ್ಮಾಜಮ್ಮ, "ಏನ್ ಕದಿರಮ್ಮಾ, ಮೈನ್ ಮುಚ್ಚಿ ನಮ್ಮೋರ್ನೆಲ್ಲ ಮನೆಗ್ ಕಳ್ಸುದ್ರಲ್ಲ, ಅಂಗೇ ನಿನ್ ಮಗ್ಳು ಬ್ರಮ್ಮನ್ನೂ ಕೆಲ್ಸದಿಂದ ತೆಗ್ದಾಕ್ಬುಟ್ಳಂತೆ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿ, ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದೆ.

ಗುರುವಾರ ಚಿರಂಜೀವಿ ಮನೆಗೇ ಬಂದ. ನಿಮ್ಮಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದವರ ಮಗ, ಚಿಕ್ಕಂದಿನಲ್ಲಿ ನನ್ನ ಕೈಯಲ್ಲಿ ಮುದ್ದೆ ತಿಂದವನು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ದೊಡ್ಡಮ್ಮ, ನಮ್ಗೂ ಎಣ್ಮಕ್ಳವ್ರೆ. ನಿಮ್ ರಾಧಾ ಕಲ್ ಕದ್ದಿದ್ದು ತಪ್ಪಾಯ್ತು, ಮಕ್ಳಿಗ್ ಏಳ್ಕೊಟ್ಟಿದ್ದೆಲ್ಲ ಸುಳ್ಳು ಅಂತ ಬರ್ದ್ ಕೊಡ್ಲಿ, ಮರದತ್ರ ನಿಂತು ಓದ್ಲಿ. ಇಲ್ದಿದ್ರೆ ನಮ್ ಉಡುಗ್ರನ್ನ ನಾನ್ ಇಡ್ಕೊಳಾಕಾಗಲ್ಲ" ಅಂದ. ಸೋಮವಾರ ಬಂಗಾರಪೇಟೆಯಲ್ಲಿ ಶಾಲೆಯ ಆಡಳಿತ ಮಂಡಳಿ ಸೇರುತ್ತದಂತೆ; ಆ ಕಾಗದ ಬರದಿದ್ದರೆ ನಿನಗೆ ಕೆಲಸವಿಲ್ಲ. ಚಪ್ಪಲಿ ಮೆಟ್ಟುತ್ತಾ, "ಕಲ್ಗೆ ಕುಂಕುಮ ಇಟ್ಟಿತ್ತಲ್ಲ, ಪೂಜೆ ಕಲ್ಲಲ್ದೆ ಇನ್ನೇನು?" ಅಂತ ಕೇಳಿದ. ನನಗೆ ಗೊತ್ತಿಲ್ಲಪ್ಪ ಅಂದೆ.

ರಾಧಾ, ನಿನಗೆ ಗೊತ್ತಿತ್ತು. ಅಪ್ಪನ ಕಲ್ಲು ನೋಡಲು ನಾನೂ ಶಾಲೆಗೆ ಬಂದು ಹಿಂದೆ ನಿಂತಿದ್ದೆ. "ದೇವ್ರನ್ನ ನಂಬಿ, ನಾನ್ ಬೇಡ ಅನ್ನಲ್ಲ. ಕಲ್ಲಿನ ವಯಸ್ಸು ಮಾತ್ರ ಕಲ್ಲನ್ನೇ ಕೇಳ್ಬೇಕು" ಅಂತ ಅಷ್ಟು ಜನರೆದುರು ಗಟ್ಟಿಯಾಗಿ ಹೇಳಿದವಳು, ಕುಂಕುಮ ಯಾರಿಟ್ಟರು ಅಂತ ಭಜನೆ ಸಂಘದವರು ಕೇಳಿದಾಗ ನನ್ನ ಮುಖ ಹುಡುಕಿದೆ, ಆಮೇಲೆ ಬಾಯಿ ಬಿಡಲಿಲ್ಲ. ಅವತ್ತು ಬೆಳಿಗ್ಗೆ ನೀನು ಕಲ್ಲನ್ನು ಬಟ್ಟೆ ಚೀಲಕ್ಕೆ ಹಾಕಿ ತಲೆ ಬಾಚಿಕೊಳ್ಳಲು ಹೋದಾಗ ನಾನೇ ಅದನ್ನು ಹೊರತೆಗೆದು ಕುಂಕುಮ ಇಟ್ಟೆ. ನಿಮ್ಮಪ್ಪ ಶಿಫ್ಟಿಗೆ ಹೊರಡುವಾಗ ಅವರ ಗಣಿ ಟೋಪಿಗೆ ಹಾಗೇ ಇಡುತ್ತಿದ್ದೆ, ಕ್ಷೇಮವಾಗಿ ಮೇಲೆ ಬರಲಿ ಅಂತ. ದಿನಾ ಬಂದರು ಕೂಡ. ಅವರು ತಂದ ಕಲ್ಲು ಹೊಸ್ತಿಲು ದಾಟುತ್ತಿದೆ ಅನ್ನುವಾಗ ಕೈ ತಾನಾಗಿ ಹೋಯಿತು. ಅವರು ಹೋದಾಗಿನಿಂದ, ಏಳು ತಿಂಗಳು, ನಾನು ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. ಗಂಡನಿಲ್ಲದವಳು ಇಟ್ಟ ಕುಂಕುಮಕ್ಕೆ ಇಷ್ಟು ದಿನ ಕೈ ಮುಗಿದೆವು ಅಂತ ತಿಳಿದರೆ ನನ್ನನ್ನು ಏನು ಮಾಡುತ್ತಾರೋ. ಆ ಹೆದರಿಕೆಗೆ ಸುಮ್ಮನಿದ್ದೇನೆ. ನೀನು ಆ ಕಾಗದ ಬರೆದುಕೊಟ್ಟುಬಿಡು ಮಗಳೇ. ಕಲ್ಲಿಗೆ ಎಷ್ಟು ಕೋಟಿ ವರ್ಷವಾದರೇನು, ನಿನಗೆ ಇಪ್ಪತ್ತೊಂಬತ್ತು.

ಅತ್ತೆಗೆ ನಮಸ್ಕಾರ ಹೇಳು. ನಿಮ್ಮಪ್ಪನ ಆಶೀರ್ವಾದವೂ ನನ್ನದೂ ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಕದಿರಮ್ಮ

ತಾ.ಕ.: ಭಾನುವಾರ ಬೆಳಿಗ್ಗೆ. ಮೇಲೆ ಬರೆದದ್ದನ್ನು ಕೇಳಬೇಡ. ಕಾಗದ ಕೊಡಬೇಡ. ನೀರಿಗೆ ಹೋದವಳು ಮರದ ಹತ್ತಿರ ನಿಂತೆ, ಯಾರೂ ಇರಲಿಲ್ಲ. ಕಲ್ಲೆತ್ತಿ ತಳ ನೋಡಿದೆ. ಎಷ್ಟು ಅಡಿ ಆಳದಿಂದ ಬಂತು ಅಂತ ನಿಮ್ಮಪ್ಪ ಬಿಳಿ ಬಣ್ಣದಲ್ಲಿ ಬರೆದ ಅಂಕಿ ಹಾಗೇ ಇದೆ. ಇದನ್ನು ಕದ್ದೆ ಅಂತ ನೀನು ಹೇಗೆ ಬರೆಯುತ್ತೀಯ? ಅಷ್ಟರಲ್ಲಿ ಬೆನ್ನ ಹಿಂದೆ ಅಮ್ಮಾಜಮ್ಮ. "ಇದು ನಮ್ ಯಜಮಾನ್ರುದು, ಕುಂಕುಮ ಇಟ್ಟೋಳು ನಾನೇ" ಅಂದುಬಿಟ್ಟೆ. ಅವಳು ಕೊಡ ಕೆಳಗಿಟ್ಟು, "ನಾನೂ ಇಡ್ತಿದ್ನಲ್ಲೇ ನಮ್ಮೋರ್ ಟೋಪಿಗೆ. ಸೆರಗ್ನಾಗ್ ಮುಚ್ಕೊ, ಬೇಗ" ಅಂದಳು. ಕಲ್ಲು ಈಗ ಅಕ್ಕಿ ಡಬ್ಬದಲ್ಲಿದೆ. ಮರದ ಕೆಳಗೆ ದೀಪ ಮಾತ್ರ ಇದೆ ಅಂತ ಚಿರಂಜೀವಿಯ ಕಡೆಯವರಿಗೆ ತಿಳಿದಿರಬೇಕು, ಬೀದಿಯಲ್ಲಿ ಗಂಡಸರ ಮಾತು ಕೇಳಿಸುತ್ತಿದೆ. ಅಮ್ಮಾಜಮ್ಮ ಹಿತ್ತಲಿಂದ ಹೋಗಿ ಈ ಪತ್ರವನ್ನು ಬೂದಿಕೋಟೆ ಬಸ್ಸಿನ ಕಂಡಕ್ಟರಿಗೆ ಕೊಡುತ್ತಾಳೆ. ನಾಳೆ ಮೊದಲ ರೈಲಿಗೆ ನಾನೇ ಕಲ್ಲನ್ನು ಮಂಡಳಿಯ ಮುಂದೆ ತರುತ್ತೇನೆ. ಕುಂಕುಮ ಅಳಿಸಿಲ್ಲ. ನೀನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿರು. ರೈಲಿನಿಂದ ನಾನು ಇಳಿಯದಿದ್ದರೆ, ನನ್ನನ್ನು ಹುಡುಕಿಕೊಂಡು ಒಬ್ಬಳೇ ಇಲ್ಲಿಗೆ ಬರಬೇಡ.